ಯಾರೂ ಬೇಡವೆನ್ನದ ಕಾರ್ಡು

ಮದ್ದೂರು ಬಳಿಯ ಕೊಪ್ಪದ ನಿವೃತ್ತ ಪೋಸ್ಟ್‌ಮನ್ ಸಿದ್ದರಾಮು ಶ್ರೀಲಂಕಾದ ಬೋಧಿವೃಕ್ಷ ನೋಡಲು ಹೊರಟು ತಿಂಗಳಾಯಿತು, ಇನ್ನೂ ಮದ್ದೂರು ದಾಟಿಲ್ಲ. ಮೊದಲೇ ಹಣ ತುಂಬಿಸಿಕೊಂಡು ವಿದೇಶದಲ್ಲಿ ಬಳಸುವ ಕಾರ್ಡುಗಳಲ್ಲಿ ಯಾವುದು ವಾಸಿಯೆಂದು ದಿನಕ್ಕೊಂದು ಬ್ಯಾಂಕು ಹತ್ತಿಳಿಯುತ್ತಾರೆ. ಅವರನ್ನು ಕಂಡರೆ ಗುಮಾಸ್ತರು ಹತ್ತು ಗಂಟೆಗೇ ಊಟಕ್ಕೆ ಏಳುತ್ತಾರೆ. ಶುಲ್ಕ ಎಷ್ಟೆಂದು ಅವರು ಕೇಳುವುದೇ ಇಲ್ಲ, “ಅಲ್ಲಿ ಓಟ್ಲಲ್ಲಿ ಇದು ಬ್ಯಾಡ ಅಂದ್ಬುಟ್ರೆ?” ಎಂಬುದೊಂದೇ ಪ್ರಶ್ನೆ. “ರೊಟ್ಟಿ ಕಟ್ಕೊಡ್ತೀನಿ, ಸುಮ್ಕಿರಿ” ಎಂದು ಹೆಂಡತಿ ಬೆಳ್ಳಮ್ಮ ಗದರುತ್ತಾರೆ. ನಿನ್ನೆ ಬ್ಯಾಂಕಿನ ಹುಡುಗಿ ಕುಸುಮ, “ಯಾಕ್ ಸಾರ್ ಇಷ್ಟು ಭಯ?” ಎಂದಳು. ಸಿದ್ದರಾಮು ದನಿ ತಗ್ಗಿಸಿದರು: “ಎಂಟ್ ವರ್ಸದವ್ನಿದ್ದಾಗ ಕೈಲಿ ಕಾಸಿಟ್ಕಂಡೇ ಓಟ್ಲಿಗೆ ಓಗಿದ್ದೆ ಕಣವ್ವ. ಜಾತಿ ಕೇಳಿ ಒರಗೇ ನಿಲ್ಸುದ್ರು.” ಕುಸುಮ ಕೌಂಟರಿನಿಂದ ಎದ್ದು ಬಂದು ಅವರ ಪಕ್ಕದಲ್ಲೇ ಕುಳಿತಳು. ಅವಳು ತೋರಿಸಿದ ಮೊದಲ ಕಾರ್ಡಿಗೇ ಸಿದ್ದರಾಮು ಸಹಿ ಹಾಕಿದರು.