ಕಾಮೆಂಟರಿಯಲ್ಲಿ ಕಾರಣ ಹೇಳುವಂತಿಲ್ಲ

ನಾನು ಕುಡಿತ ಬಿಟ್ಟದ್ದು ದೇವರ ದಯೆಯಿಂದಲ್ಲ, ಹೆಂಡತಿಯ ಕಣ್ಣೀರಿನಿಂದಲೂ ಅಲ್ಲ. ಒಬ್ಬ ಮನುಷ್ಯನ ಮೇಲಿನ ಸಿಟ್ಟಿನಿಂದ. ಆ ಮನುಷ್ಯ ಈಗಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಅವರ ಬಗ್ಗೆ ಆಡಬಹುದು, ಕಷ್ಟವಿಲ್ಲ. ನನ್ನ ಬಗ್ಗೆ ಆಡುವುದೇ ಕಷ್ಟ.

ಒಂದು ಕಾಲದಲ್ಲಿ ಅವರು ರೇಡಿಯೋದಲ್ಲಿ ಆಟಗಳ ಕಾಮೆಂಟರಿ ಹೇಳುತ್ತಿದ್ದರು. ಕಬಡ್ಡಿ, ಹಾಕಿ, ಬಾಲ್ ಬ್ಯಾಡ್ಮಿಂಟನ್, ಯಾವುದಾದರೂ ಸರಿ. ರಾಜಾಜಿನಗರದ ನಮ್ಮ ಮನೆಯಲ್ಲಿ ಕಬಡ್ಡಿಯ ಗಂಧಗಾಳಿ ಇಲ್ಲದ ನನ್ನಮ್ಮ ಕೂಡ ಅವರ ದನಿ ಕೇಳುತ್ತ ಒಗ್ಗರಣೆ ಸೀಯಿಸುತ್ತಿದ್ದಳು. ಆಮೇಲೆ ಒಂದು ದಿನ ಕುಡಿದು ಮೈಕಿನ ಮುಂದೆ ಕೂತು, ಸೋತ ತಂಡವನ್ನು ಗೆಲ್ಲಿಸಿಬಿಟ್ಟರು. ಸೋತವರ ಊರಿನಲ್ಲಿ ಪಟಾಕಿ ಹೊಡೆದರಂತೆ. ಇದನ್ನು ಅವರೇ ನಗುನಗುತ್ತ ಹೇಳುತ್ತಿದ್ದರು. ಕೆಲಸ ಹೋಯಿತು. ಕೆಲವು ವರ್ಷ ಕುಡಿದು ಬಿದ್ದಿದ್ದರು, ಆಮೇಲೆ ಬಿಟ್ಟರು, ಓದಿಕೊಂಡರು, ಬ್ಯಾಡರಹಳ್ಳಿಯ ಆಚೆ ಒಂದು ಕುಡಿತ ಬಿಡಿಸುವ ಕೇಂದ್ರದಲ್ಲಿ ಸಮಾಲೋಚಕರಾದರು.

ಆರ್‌ಪಿಸಿ ಲೇಔಟ್‌ನ ನನ್ನ ಸ್ಟೇಷನರಿ ಅಂಗಡಿಯಿಂದ ಮನೆಯವರು ನನ್ನನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ ಸೇರಿಸಿದ್ದು ಅಲ್ಲಿಗೇ. ಪ್ರತಿ ಭಾನುವಾರ ಬೆಳಿಗ್ಗೆ ಗ್ರೂಪ್. ರೋಗಿಗಳೆಲ್ಲ ಒಂದು ಕಡೆ, ಎದುರಿಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮನೆಯವರು. ಈ ಸಮಾಲೋಚಕರು ವೈರ್ ಕಿತ್ತುಹೋದ ಹಳೇ ಮೈಕೊಂದನ್ನು ಒಬ್ಬೊಬ್ಬ ರೋಗಿಯ ಕೈಗೆ ಕೊಡುತ್ತಿದ್ದರು. ಕುಡಿದ ದಿನಗಳಲ್ಲೆಲ್ಲ ಅತಿ ಕೆಟ್ಟ ದಿನವನ್ನು ಕಾಮೆಂಟರಿಯಂತೆ ಹೇಳಬೇಕು. ‘ನಾನು’ ಅನ್ನುವಂತಿಲ್ಲ, ‘ಅವನು’ ಅನ್ನಬೇಕು. ಅವನು ಎದ್ದ, ಅವನು ಹೆಂಡತಿಯ ಬ್ಯಾಗಿಗೆ ಕೈ ಹಾಕಿದ, ಹೀಗೆ. ಕಾರಣ ಮಾತ್ರ ಹೇಳಕೂಡದು.

“ರೈಡರ್ ಔಟಾದಾಗ ಅವನ ಮನೇಲಿ ಏನ್ ಕಷ್ಟ ಅಂತ ನಾನು ರೇಡಿಯೋದಲ್ಲಿ ಹೇಳ್ತಿದ್ನಾ? ಔಟ್ ಅಂದ್ರೆ ಔಟ್. ಯಾಕೆ ಅನ್ನೋದು ಆಟ ಮುಗಿದ್ಮೇಲೆ” ಅನ್ನುತ್ತಿದ್ದರು.

ನನ್ನ ಸರದಿ ಬಂತು. ಎದುರಿಗೆ ಹದಿನಾಲ್ಕು ವರ್ಷದ ನನ್ನ ಮಗಳು ಕೂತಿದ್ದಳು. ಅವಳ ಶಾಲೆಯ ಕ್ರೀಡಾ ದಿನ, ಇನ್ನೂರು ಮೀಟರ್ ಓಟದ ಫೈನಲ್. ಅವನು ಕುಡಿದು ಬಂದ, ಹಗ್ಗ ದಾಟಿ ಟ್ರ್ಯಾಕಿಗೆ ಹೋದ, ಕಾಲು ಜಾರಿ ಬಿದ್ದ, ಮಗಳು ಅವನನ್ನು ಎಡವಿ ಬಿದ್ದಳು, ಅವಳ ಮುಂದಿನ ಎರಡು ಹಲ್ಲು ಮುರಿದವು. ಊರಿಗೆಲ್ಲ ಹೇಳಿ ಹೇಳಿ ಬಾಯಿಪಾಠವಾಗಿದ್ದ ಕಥೆ. ಸಲೀಸಾಗಿ ಹೇಳಿದೆ.

ಮಗಳು ಎದ್ದು ನಿಂತಳು. “ಸಾರ್, ಕಾಮೆಂಟರಿ ತಪ್ಪು. ಅಪ್ಪ ಜಾರಿ ಬೀಳ್ಲಿಲ್ಲ. ನಾನು ಕೊನೇಲಿ ಓಡ್ತಾ ಇದ್ದೆ. ಒಳಗೆ ಬಂದು, ನನ್ ಮಾನ ಕಳೀತೀಯಾ ಅಂತ ತಳ್ಳಿದ್ರು.”

ಅವರು ನನ್ನ ಕಡೆ ತಿರುಗಿದರು. “ಕೇಳಿಸ್ತಲ್ಲ? ಮೊದಲಿಂದ ಹೇಳಿ.”

ಹೇಳಿದೆ. ತಳ್ಳಿದ್ದು ಎಡಗೈಯಲ್ಲಿ ಅಂದೆ. “ಬಲಗೈ” ಅಂದಳು. ಮತ್ತೆ ಮೊದಲಿಂದ. ಮೂರನೆಯ ಸಲ ಮುಗಿಸುವ ಹೊತ್ತಿಗೆ ನನ್ನ ಪಂಚೆ ಬೆವರಿಗೆ ಕಾಲಿಗಂಟಿತ್ತು. ಅಷ್ಟು ಜನರ ಮುಂದೆ ನನ್ನ ಚರ್ಮ ಸುಲಿದ ಆ ಮನುಷ್ಯನನ್ನು ಕೊಂದುಹಾಕಬೇಕು ಅನ್ನಿಸಿತು.

ಗ್ರೂಪ್ ಮುಗಿದ ಮೇಲೆ ಅವರು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ಅಲ್ಲೊಂದು ಕಲ್ಲುಬೆಂಚು. ಅಡುಗೆಯವರಿಂದ ಎರಡು ಲೋಟ ಟೀ ತರಿಸಿ, ಒಂದನ್ನು ನನ್ನ ಪಕ್ಕ ಇಟ್ಟರು. “ಆಟ ಮುಗೀತು. ಈಗ ಹೇಳಿ, ಯಾಕೆ?”

ಮೊದಲು ಅವರ ವಂಶವನ್ನೆಲ್ಲ ಬೈದೆ. ಕೇಳಿಸಿಕೊಂಡರು. ಆಮೇಲೆ ಯಾರಿಗೂ ಹೇಳದ್ದನ್ನು ಹೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಊಟದ ಗಂಟೆಯವರೆಗೆ ಅವರು ನನ್ನ ಪಕ್ಕದಲ್ಲೇ ಕೂತಿದ್ದರು. ಮೈಕ್ ಹಿಡಿದ ಪ್ರತಿಯೊಬ್ಬನಿಗೂ ಆ ಬೆಂಚು, ಆ ಟೀ ಇದ್ದೇ ಇರುತ್ತಿತ್ತು. ಬೆಂಚಿಗೆ ಕರೆಯದೆ ಅವರು ಯಾರನ್ನೂ ಹಾಗೇ ಬಿಟ್ಟದ್ದಿಲ್ಲ.

ಆರು ವರ್ಷ ನಾನು ಹನಿ ಮುಟ್ಟಲಿಲ್ಲ. ಕುಡಿದು ಬಿದ್ದರೆ ಆ ಮನುಷ್ಯ ಮತ್ತೆ ಮೈಕ್ ಕೊಡುತ್ತಾನೆ, ಅದಕ್ಕೆ ಅವಕಾಶ ಕೊಡಬಾರದು ಅನ್ನುವ ಛಲ. ಕೇಂದ್ರದಲ್ಲೇ ಅವರಿಗೆ ಸಹಾಯಕನಾಗಿ ನಿಂತೆ. ಅವರಿಗೆ ನನ್ನ ಮೇಲೆ ತುಂಬ ನಂಬಿಕೆ. ನಾನು ಮಾತ್ರ ಮೈಕನ್ನು ಮರೆತಿರಲಿಲ್ಲ. ಬೆಂಚನ್ನು ಯಾವತ್ತೋ ಮರೆತಿದ್ದೆ.

ಹೋದ ವರ್ಷ ಹೆಗ್ಗನಹಳ್ಳಿಯ ಹುಡುಗರು ಕಬಡ್ಡಿ ಪಂದ್ಯ ಇಟ್ಟು, ಕಾಮೆಂಟರಿಗೆ ಅವರನ್ನು ಕರೆದರು. ಹೊಸ ಅಂಗಿ ಹೊಲಿಸಿಕೊಂಡು ಹೋದರು. ಮಾರನೆಯ ದಿನ ಭಾನುವಾರ, ಗ್ರೂಪಿಗೆ ಬಂದಾಗ ಬಾಯಲ್ಲಿ ಲವಂಗ ಇತ್ತು. ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು. ಬೆಳಿಗ್ಗೆ ಹತ್ತಕ್ಕೆ ಲವಂಗ ಅಗಿಯುವವನು ಏನನ್ನು ಮುಚ್ಚುತ್ತಾನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನನಗೆ ತಿಳಿಯಿತೆಂದು ಅವರಿಗೂ ತಿಳಿಯಿತು.

“ಗ್ರೂಪ್ ಮುಗೀಲಿ. ನಿಮ್ಮತ್ರ ಸ್ವಲ್ಪ ಮಾತಾಡ್ಬೇಕು” ಅಂದರು ಮೆಲ್ಲಗೆ.

“ಈಗ್ಲೇ ಮಾತಾಡಿ ಸಾರ್” ಅಂದೆ ಜೋರಾಗಿ. ಅಷ್ಟೂ ಜನರ ಮುಂದೆ ಮೈಕ್ ತೆಗೆದು ಅವರ ಕೈಗೆ ಕೊಟ್ಟೆ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಹೊಟ್ಟೆಯೊಳಗೆ ತಂಪಾದಂಥ ಖುಷಿ. ಗುರುವಿಗೇ ತಿರುಮಂತ್ರ ಹಾಕುವ ಸುಖ ಎಲ್ಲರಿಗೂ ಸಿಗುವುದಿಲ್ಲ.

ಅವರು ತಪ್ಪಿಸಿಕೊಳ್ಳಲಿಲ್ಲ. ಎದ್ದು ನಿಂತರು. ದನಿ ಬರಬರುತ್ತ ನಮ್ಮ ಅಡುಗೆಮನೆಯ ರೇಡಿಯೋದ ಹಳೇ ದನಿಯೇ ಆಯಿತು. “ಅವನು ಮೈದಾನಕ್ಕೆ ಬಂದಿದಾನೆ. ಶಾಲು ಹೊದಿಸ್ತಾ ಇದಾರೆ. ಮೊದಲರ್ಧ ಮುಗೀತು, ನೀರಿನ ಟ್ಯಾಂಕರ್ ಹಿಂದೆ ಹೋಗ್ತಾ ಇದಾನೆ. ಯಾರೋ ಬಾಟಲಿ ಚಾಚಿದಾರೆ. ಬೇಡ ಅಂತಾನೆ. ಮತ್ತೆ ಚಾಚಿದಾರೆ. ಈ ಸಲ ಬೇಡ ಅನ್ನಲ್ಲ.”

“ಎಷ್ಟು ಗುಟುಕು ಸಾರ್? ಕೇಳೋರಿಗೆ ಗೊತ್ತಾಗ್ಬೇಕಲ್ಲ” ಅಂದೆ.

“ನಾಲ್ಕು.”

“ಸರಿಯಾಗಿ ನೆನಪಿದ್ಯಾ?”

“ಐದು” ಅಂದರು. ಆಮೇಲೆ, “ಯಾಕಂದ್ರೆ ಅವತ್ತು...” ಅಂತ ಶುರು ಮಾಡಿದರು.

“ಯಾಕೆ ಅನ್ನೋದು ಆಟ ಮುಗಿದ್ಮೇಲೆ ಸಾರ್” ಅಂದೆ. ಕುರ್ಚಿಗಳಲ್ಲಿದ್ದವರು ನಕ್ಕರು. ಅವರೂ ನಕ್ಕು, “ಕರೆಕ್ಟ್” ಅಂದರು. ಮೈಕ್ ಮೇಜಿನ ಮೇಲಿಟ್ಟು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದರು.

ಜನ ಬಂದು ನನ್ನ ಕೈ ಕುಲುಕಿದರು. ಧೈರ್ಯ ಅಂದರೆ ಇದು ಅಂದರು. ಕಿಟಕಿಯಿಂದ ನೋಡಿದೆ. ಅವರು ಕಲ್ಲುಬೆಂಚಿನ ತುದಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಎರಡು ಲೋಟ ಟೀ. ಬಾಗಿಲ ಕಡೆಗೇ ನೋಡುತ್ತಿದ್ದರು. ಎರಡನೆಯ ಲೋಟ ಯಾರಿಗೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಾಯಲಿ ಅಂದುಕೊಂಡೆ. ಕಿಟಕಿ ಮುಚ್ಚಿದೆ. ಊಟವಾದ ಮೇಲೆ ಹೋದಾಗ ಬೆಂಚು ಖಾಲಿ. ಒಂದು ಲೋಟ ಖಾಲಿಯಾಗಿತ್ತು, ಇನ್ನೊಂದು ತುಂಬಿದ್ದು ಕೆನೆ ಕಟ್ಟಿತ್ತು. ಟೀಯನ್ನು ಗಿಡಕ್ಕೆ ಚೆಲ್ಲಿ ಲೋಟ ತೊಳೆದಿಟ್ಟೆ.

ಮನೆಗೆ ಹೋಗಿ ಮಗಳ ಮುಂದೆ ಪೌರುಷ ಕೊಚ್ಚಿಕೊಂಡೆ. ಕಟ್ಟಿಸಿದ ಹಲ್ಲಿನ ನನ್ನ ಮಗಳು ಎಲ್ಲ ಕೇಳಿ, “ಆಮೇಲೆ ಬೆಂಚಿಗೆ ಹೋದ್ರಾ?” ಅಂದಳು. ನಾನು ಟಿವಿ ಹಾಕಿದೆ.

ಕೇಂದ್ರದವರು ಅವರಿಗೆ ಮನೆಯಲ್ಲೇ ಇರಿ ಅಂದರು. ಅವರ ಕುರ್ಚಿ ನನಗೆ ಬಂತು. ನಾನು ಕೇಳಿರಲಿಲ್ಲ, ಬೇಡ ಅನ್ನಲೂ ಇಲ್ಲ. ಅವರಿಗೆ ಮತ್ತೆ ಬಿಡಲಾಗಲಿಲ್ಲ, ಕುಡಿಯುತ್ತಲೇ ಹೋದರು. ಎಂಟು ತಿಂಗಳು ಬದುಕಿದ್ದರು. ಒಂದು ಸಲವೂ ನಾನು ಹೋಗಿ ನೋಡಲಿಲ್ಲ.

ಕಾರ್ಯ ಮುಗಿದ ಮರುದಿನ ಕೆಂಗೇರಿಯ ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿದ್ದೆ. ಆಕೆ ಕೂರಿಸಿ ಟೀ ಕೊಟ್ಟರು.

“ಹನ್ನೆರಡು ವರ್ಷ ಮುಟ್ಟಿರ್ಲಿಲ್ಲ. ಪಂದ್ಯದ ದಿನ ಬೆಳಿಗ್ಗೆ ಹಾಡ್ಕೊಂಡು ಹೋದ್ರು. ಯಾಕೆ ಕುಡಿದ್ರಿ ಅಂತ ಭಾನುವಾರ ಅವ್ರು ಹೊರಡೋವಾಗ ಕೇಳ್ದೆ. ಅದನ್ನ ಬೆಂಚಲ್ಲಿ ಕೂತು ಹೇಳ್ಬೇಕು, ಅವ್ರತ್ರ ಹೇಳ್ತೀನಿ ಅಂತ ನಿಮ್ ಹೆಸರು ಹೇಳಿದ್ರು. ವಾಪಸ್ ಬಂದ್ಮೇಲೆ ಅದರ ಮಾತೇ ಎತ್ತಲಿಲ್ಲ. ಹೋಗೋವರ್ಗೂ ಎತ್ತಲಿಲ್ಲ. ನಿಮ್ಗಾದ್ರೂ ಹೇಳಿದ್ರಲ್ಲ, ಅಷ್ಟು ಸಾಕು ನಂಗೆ. ಹೇಳಿದ್ರು ತಾನೇ?”

“ಹೇಳಿದ್ರು” ಅಂದೆ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಎದುರಿನ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತು, “ಏನಂದ್ರು?” ಅಂತ ಕೇಳಿದರು.