ಟ್ರೇಲರ್ ಎಳೆದ ಶಿವನಂಜಪ್ಪನವರು

ಶಿವನಂಜಪ್ಪನವರು ಉಗುಳುವ ಮುಂಚೆ ಹಾರ್ನ್ ಹೊಡೆಯುತ್ತಿದ್ದರು. ಅವರ ಮಟ್ಟಿಗೆ ಅದು ಮರ್ಯಾದೆ. ಹಾರ್ನ್ ಕೇಳಿದ ಕೂಡಲೇ ಜೀಪಿನ ಹಿಂದೆ ಕೂತ ನಾವು ಸೆರಗೋ ಕರವಸ್ತ್ರವೋ, ಸಿಕ್ಕಿದ್ದನ್ನು ಮುಖಕ್ಕೆ ಅಡ್ಡ ಹಿಡಿಯಬೇಕು. ಎಲೆ, ಅಡಿಕೆ, ಹೊಗೆಸೊಪ್ಪಿನ ಕೆಂಪು ರಸ ಹೊರಗೆ ಹಾರಿ, ಗಾಳಿಗೆ ಹಿಂದಕ್ಕೆ ತಿರುಗಿ, ಜೀಪಿಗೆ ಕಟ್ಟಿದ್ದ ಟ್ರೇಲರಿನ ಟಾರ್ಪಾಲಿನ ಮೇಲೆ ಬೀಳುತ್ತಿತ್ತು. ಥೂ! 

ಆ ಟಾರ್ಪಾಲಿನ ಕೆಳಗೆ ಇದ್ದದ್ದು ನಮ್ಮ ಪ್ರಾಣ. ತೊಂಬತ್ತರ ದಶಕದ ಕೊನೆಯಲ್ಲಿ ತುಮಕೂರಿನ ನಾವು ಕೆಲವರು ಪುಟ್ಟ ವಿಮಾನಗಳನ್ನು ಮಾಡಿ ಹಾರಿಸುವ ಕ್ಲಬ್ಬು ಕಟ್ಟಿಕೊಂಡಿದ್ದೆವು. ನಾನು ಸದಾಶಿವನಗರದಲ್ಲಿದ್ದ ಸ್ಕೂಲ್ ಟೀಚರು. ಉಳಿದವರು ಬ್ಯಾಂಕಿನವರು, ಅಂಗಡಿಯವರು. ಭಾನುವಾರ ಗುಬ್ಬಿ ಕಡೆಯ ಬಯಲಿಗೋ ಕುಣಿಗಲ್ ಕಡೆಗೋ ಹೊರಟರೆ ವಿಮಾನ, ಬ್ಯಾಟರಿ, ಎಣ್ಣೆ ಡಬ್ಬ ಎಲ್ಲ ಟ್ರೇಲರಿಗೆ ತುಂಬಬೇಕು. ಅದನ್ನು ಎಳೆಯುವ ಜೀಪು ಇದ್ದದ್ದು ಗುಬ್ಬಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ಶಿವನಂಜಪ್ಪನವರ ಹತ್ತಿರ ಮಾತ್ರ. ಹಾಗಾಗಿ ಸಹಿಸಿಕೊಂಡೆವು.

"ಟಾರ್ಪಾಲ್ ನೋಡಿ, ಎಷ್ಟು ಅಸಹ್ಯ" ಅಂದರೆ, "ಎಲೆ ಅಡಿಕೆ ಮಂಗಳದ್ರವ್ಯ ಕಣ್ರೀ ಟೀಚರಮ್ಮ. ಅದುಕ್ಕೆಲ್ಲ ಹೇಸ್ಕೋತಾರಾ?" ಅನ್ನುವರು. ಹೆಗಲ ಟವೆಲಿನಲ್ಲಿ ಬಾಯಿ ಒರೆಸಿ, ಅದರಲ್ಲೇ ಜೀಪಿನ ಗಾಜು ಒರೆಸಿ, ಅದನ್ನೇ ಹಾಸಿ ನಮ್ಮ ಚಿತ್ರಾನ್ನದ ಡಬ್ಬಿ ಇಡುವರು. ಆದರೆ ಒಂದು ಭಾನುವಾರವೂ ಕೈಕೊಟ್ಟವರಲ್ಲ. ವಿಮಾನ ನೆಲ ಬಿಡುವಾಗ "ಏಳ್ಲಾ ಮಗ್ನೆ, ಏಳ್ಲಾ!" ಎಂದು ಅದರ ಹಿಂದೆಯೇ ಓಡುತ್ತಿದ್ದರು. ಆಗ ಮಾತ್ರ ನನಗೆ ಅವರ ಮೇಲೆ ಪ್ರೀತಿ ಉಕ್ಕುತ್ತಿತ್ತು.

ಅವರಿಗೆ ಪ್ರೀತಿ ಇದ್ದದ್ದು ಜೀಪಿನ ಮೇಲೆ. ಟ್ರೇಲರಿನ ಭಾರ ಜೀಪಿಗೆ ತಾಕಬಾರದೆಂದು ಭಾರದ ಸಾಮಾನೆಲ್ಲ ಟ್ರೇಲರಿನ ಹಿಂತುದಿಗೆ ತಳ್ಳುತ್ತಿದ್ದರು. ಹಿಂದೆ ಭಾರವಾದರೆ ಮುಂದಿನ ಕೊಂಡಿ ಮೇಲಕ್ಕೆ ಏಳುತ್ತದೆ, ಟ್ರೇಲರ್ ಓಲಾಡುತ್ತದೆ ಎಂದು ನಾನು ಹೇಳಿ ಹೇಳಿ ಸಾಕಾದೆ.

"ಮುಂದಕ್ಕಾಕುದ್ರೆ ನನ್ ಜೀಪಿನ ಸೊಂಟ ಹಿಡ್ಕೊಬಿಡ್ತದೆ. ಓಲಾಡ್ಲಿ ಬುಡಿ, ಹಸ ಬಾಲ ಅಲ್ಲಾಡ್ಸಲ್ವಾ?"

ಮಾರ್ಕೋನಹಳ್ಳಿಗೆ ಹೊರಟ ದಿನ ಟ್ರೇಲರಿನಲ್ಲಿ ನನ್ನ ಹೊಸ ವಿಮಾನವಿತ್ತು. ಮಳೆಗಾಲ ಪೂರ್ತಿ ಊಟದ ಮೇಜಿನ ಮೇಲೆ ಕಟ್ಟಿದ್ದು. ಮನೆಯವರೆಲ್ಲ ಅಷ್ಟು ದಿನ ನೆಲದ ಮೇಲೆ ಕೂತು ಉಂಡಿದ್ದರು. ಕುಣಿಗಲ್ ದಾಟಿದ ಮೇಲೆ ಇಳಿಜಾರಿನಲ್ಲಿ ಟ್ರೇಲರ್ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಬೀಸಿತು. ಕೊಂಡಿ ಕಳಚಿತು. ಟ್ರೇಲರ್ ಚರಂಡಿಗೆ ಮಗುಚಿ, ಬ್ಯಾಟರಿ ನನ್ನ ವಿಮಾನದ ಮೇಲೆ ಬಿತ್ತು.

ಶಿವನಂಜಪ್ಪನವರು ಇಳಿದು ಜೀಪಿನ ಸುತ್ತ ಒಂದು ಸುತ್ತು ಬಂದರು. "ಸದ್ಯ, ಗಾಡಿಗೇನೂ ಆಗಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಮುರಿದ ರೆಕ್ಕೆ ಹಿಡಿದು ಎದುರು ನಿಂತೆ. "ತಪ್ಪಾಯ್ತು ಅನ್ನಿ."

"ರೋಡ್ ಸರಿ ಇಲ್ದಿದ್ರೆ ನಾನೇನ್ ಮಾಡ್ಲಿ?"

"ಭಾರ ಹಿಂದಕ್ಕೆ ಹಾಕಿದ್ದು ರೋಡಾ?"

ಅವರು ಜೀಪಿನೊಳಗೆ ಕೈ ತೂರಿಸಿ ಹಾರ್ನ್ ಒತ್ತಿ, ಪಿಚಕ್ಕನೆ ಉಗಿದರು.

ಆ ಒಂದು ಮಾತು ಬರುವವರೆಗೆ ಜೀಪು ಹತ್ತುವುದಿಲ್ಲ ಎಂದುಬಿಟ್ಟೆ. ಪುಣ್ಯಾತ್ಮ ಪ್ರತಿ ಸಲವೂ ಮನೆ ಮುಂದೆ ನಿಲ್ಲಿಸಿ ಕರೆದರು. "ಹೊಸ ಟಾರ್ಪಾಲ್ ತಂದಿವ್ನಿ, ಬನ್ನಿ ಟೀಚರಮ್ಮ." "ದೋಸೆ ಕೊಡುಸ್ತೀನಿ, ಹತ್ತಿ." ಒಂದು ಸಲವಂತೂ ಬಾಯಿ ಮುಕ್ಕಳಿಸಿಕೊಂಡೇ ಬಂದಿದ್ದರು. ಏನು ಬೇಕಾದರೂ ಕೊಟ್ಟಾರು, ಆ ಮಾತೊಂದನ್ನು ಬಿಟ್ಟು. ನಾನು ಹತ್ತಲಿಲ್ಲ. ನನ್ನ ವಿಮಾನವನ್ನು ಮತ್ತೆ ಕಟ್ಟಲೂ ಇಲ್ಲ.

ಕೆಲವು ವರ್ಷಗಳ ಮೇಲೆ ಅವರು ಹೃದಯಾಘಾತದಿಂದ ತೀರಿಕೊಂಡರು. ಗುಬ್ಬಿಗೆ ಹೋದೆ. ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. "ವಿಮಾನದ್ ಟೀಚರಮ್ಮ ನೀವೇನಾ?" ಎಂದು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

ಸಾವಿನ ಮನೆಯಲ್ಲಿ ಆಡುವ ಮಾತಲ್ಲ, ಆದರೂ ತಡೆಯಲಾಗಲಿಲ್ಲ. "ತಪ್ಪಾಯ್ತು ಅನ್ನೋ ಒಂದು ಮಾತು ಕೇಳಿದ್ದೆ ಕಣಮ್ಮ. ಕೊನೇವರೆಗೂ ಅವರ ಬಾಯಲ್ಲಿ ಬರಲಿಲ್ಲ."

ಆಕೆ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ.

"ನಿಮ್ದು ಮುರುದ್ದು ಒಂದ್ ವಿಮಾನ ಕಣವ್ವ. ನಾನು ಮದ್ವೆ ಆದಾಗ್ಲಿಂದ ಆ ಮಾತ್ಗೇ ಕಾಯ್ತಿದ್ದೆ."