ಹೋಳೂರಿನ ಬಾವಿಯಿಂದ ಹವಳದ ಕಡಲಿಗೆ

ನಮ್ಮಪ್ಪ ಮಾಲೂರು ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತರಾಗಿದ್ದರು. ಕಿಟಕಿಯಾಚೆ ನಿಂತವರು ಯಾವ ಊರಿನ ಹೆಸರು ಹೇಳಿದರೂ ಅದರ ದಾರಿ ಯಾವುದು, ಗಾಡಿ ಎಲ್ಲಿ ಬದಲಾಯಿಸಬೇಕು ಎಂಬುದೆಲ್ಲ ಅವರ ನಾಲಿಗೆ ತುದಿಯಲ್ಲಿತ್ತು. ತಾವು ಮಾತ್ರ ತಿರುಪತಿ ಬಿಟ್ಟರೆ ಹೆಚ್ಚು ದೂರ ಹೋದವರಲ್ಲ. ಎಂಬತ್ತರ ದಶಕದ ನಡುವೆ, ಅವರ ನಿವೃತ್ತಿ ಹತ್ತಿರ ಬಂದಿದ್ದಾಗ, ಒಂದು ಶನಿವಾರ ಸಂಜೆ ಮುದ್ದೆ ಮುರಿಯುತ್ತ, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದರು: ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಒಂದು ಹಡಗು ಹೋಗುತ್ತಂತೆ. ರಾತ್ರಿಯೆಲ್ಲ ಸಮುದ್ರದ ಮೇಲೆ ಸಾಗಿ ಹಗಲು ಒಂದೊಂದು ದ್ವೀಪದ ಹತ್ತಿರ ನಿಲ್ಲುತ್ತಂತೆ. ಊಟ, ಹಾಸಿಗೆ ಎಲ್ಲ ಹಡಗಿನಲ್ಲೇ. ದ್ವೀಪದ ಸುತ್ತ ನೀರಿನೊಳಗೆ ಹವಳ ಬೆಳೆದಿರುವುದನ್ನು ಕರೆದುಕೊಂಡು ಹೋಗಿ ತೋರಿಸುತ್ತಾರಂತೆ. ಕೊಚ್ಚಿಯವರೆಗೆ ಹೇಗೂ ರೈಲ್ವೆ ಪಾಸ್ ಇದೆ.

ಅಮ್ಮ ಸಾರಿನ ಸೌಟು ಹಿಡಿದುಕೊಂಡೇ ನಿಂತಿದ್ದಳು. 'ಯಾವತ್ತು ಹೋಗೋದು?' ಎಂದು ಕೇಳಿದಳು. ಅಷ್ಟು ಬೇಗ ಒಪ್ಪಿಗೆ ಸಿಗುತ್ತದೆಂದು ಅಪ್ಪ ಎಣಿಸಿರಲಿಲ್ಲವೆಂದು ಕಾಣುತ್ತದೆ. ಅವರು ತಿನ್ನುವುದು ನಿಲ್ಲಿಸಿ ಅವಳ ಮುಖ ನೋಡಿದರು.

ನಾನಾಗ ಶ್ರೀನಿವಾಸಪುರದ ಒಂದು ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಮ್ಮ. ಅಲ್ಲೇ ರೂಮು ಮಾಡಿಕೊಂಡಿದ್ದೆ. ಶನಿವಾರ ಶಾಲೆ ಬಿಟ್ಟಮೇಲೆ ಬಸ್ಸು ಹತ್ತಿ, ಕೋಲಾರದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಮಾಲೂರಿನ ಕ್ವಾರ್ಟರ್ಸಿಗೆ ಬರುತ್ತಿದ್ದೆ. ದಸರಾ ರಜದಲ್ಲಿ ಮೂವರೂ ಹೋಗುವುದೆಂದು ತೀರ್ಮಾನವಾಯಿತು. ಅಲ್ಲಿಂದಾಚೆ ನಮ್ಮ ಮನೆಯಲ್ಲಿ ಹವಳದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ಮುಳಬಾಗಿಲಿನಿಂದ ಬಂದ ಸೋದರತ್ತೆ, ಈ ವಯಸ್ಸಿನಲ್ಲಿ ಸಮುದ್ರ ದಾಟಿ ಏನು ಕಡಿದು ಗುಡ್ಡೆ ಹಾಕಬೇಕಾಗಿದೆ ಎಂದು ಅಪ್ಪನನ್ನು ಗದರಿ ಹೋದರು. ಅಪ್ಪ ನಕ್ಕರು.

ಹಡಗಿನ ಸುದ್ದಿ ತಂದವರು ಕೇರಳದ ಕಡೆಯ ಒಬ್ಬ ಗಾರ್ಡು. ಅವರು ಅಪ್ಪನಿಗೆ ಒಂದು ಹವಳದ ತುಂಡನ್ನೂ ಕೊಟ್ಟಿದ್ದರು. ಅಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡಿದಳು. ಅವಳ ಕೊರಳಲ್ಲಿ ತವರಿನವರು ಹಾಕಿದ್ದ ಕೆಂಪು ಹವಳದ ಸರವಿತ್ತು. ತವರಿನ ತೆಲುಗಿನಲ್ಲಿ ಅವಳಿಗೆ ಅದು ಯಾವಾಗಲೂ ಪಗಡದ ಸರ. ಈ ತುಂಡೋ ಬೆಳ್ಳಗೆ, ಸುಣ್ಣದ ಕಲ್ಲಿನಂತೆ ಒರಟಾಗಿತ್ತು. ಇದೆಂಥ ಪಗಡ ಎಂದು ಅವಳಿಗೆ ನಿರಾಸೆಯಾಯಿತು. ನಮ್ಮ ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದ ಮೇಷ್ಟ್ರನ್ನು ಕೇಳಿಕೊಂಡು ಬಂದು ನಾನು ವಿವರಿಸಿದೆ. ಸರಕ್ಕೆ ಹಾಕುವ ಕೆಂಪು ಹವಳ ಬೇರೆ ಕಡಲಿನದು. ಇಲ್ಲಿಯದು ಜೀವ ಇರುವಾಗ ನಾನಾ ಬಣ್ಣ, ಸತ್ತ ಮೇಲೆ ಬಿಳಿ. ಅಮ್ಮ ತುಂಡನ್ನು ಕಿಟಕಿಯ ಮೇಲಿಟ್ಟಳು.

'ಹಂಗಾದ್ರೆ ಬದುಕಿರೋದನ್ನೇ ನೋಡ್ಬೇಕು' ಎಂದಳು.

ನಾನು ಬಂದಾಗಲೆಲ್ಲ ಸಂಜೆ ಹೊತ್ತು ಅಂಗಳದಲ್ಲಿ ಕೂತು ನಾವು ದ್ವೀಪ ಸುತ್ತುತ್ತಿದ್ದೆವು. ಇಟ್ಟಿಗೆ ಗೂಡುಗಳ ಹೊಗೆ ದೂರದಲ್ಲಿ ನೆಲಕ್ಕಂಟಿಕೊಂಡು ಹರಡುತ್ತಿತ್ತು. ಅದರ ಮೇಲೆ ಆಕಾಶ ಕೆಂಪಾಗಿ ತೇಲುತ್ತಿತ್ತು. ಗಾರ್ಡು ಹೇಳಿದ್ದನ್ನು ಅಪ್ಪ ನಮಗೆ ಹೇಳುವರು: ಹವಳದ ಗೋಡೆ ಅಂದರೆ ತಟ್ಟೆಯ ಅಂಚಿದ್ದ ಹಾಗೆ. ಅಂಚಿನಾಚೆ ಅಲೆ ಬಡಿಯುತ್ತದೆ, ಒಳಗಿನ ನೀರು ಕೆರೆಯಂತೆ ಸುಮ್ಮನಿರುತ್ತದೆ. ಅಮ್ಮ ರಂಗೋಲಿ ಡಬ್ಬಿ ತಂದು ಅದನ್ನು ನೆಲದ ಮೇಲೆ ಎಳೆದಳು. ಒಂದು ದೊಡ್ಡ ಬಳೆಯಂಥ ಗೆರೆ, ಅದರೊಂದು ಪಕ್ಕಕ್ಕೆ ಹುಣಿಸೆಬೀಜದಷ್ಟು ದ್ವೀಪ, ಗೆರೆಯ ಹೊರಗೆ ನಮ್ಮ ಹಡಗು. ಕವರತ್ತಿ, ಕಲ್ಪೇನಿ, ಮಿನಿಕಾಯ್. ಪಕ್ಕದ ಮನೆಯ ಕೋಳಿಗಳು ಬಂದು ಲಕ್ಷದ್ವೀಪದ ಮೇಲೆಲ್ಲ ಓಡಾಡುತ್ತಿದ್ದವು. ಅವಳು ಮರುದಿನ ಮತ್ತೆ ಎಳೆಯುತ್ತಿದ್ದಳು.

ಅಪ್ಪನ ಯೋಜನೆ ಹೀಗಿತ್ತು. ಕವರತ್ತಿಯಲ್ಲಿ ಗಾಜಿನ ತಳದ ದೋಣಿಯಲ್ಲಿ ಕೂತು ಹವಳ ನೋಡುವುದು. ಕಲ್ಪೇನಿಯಲ್ಲಿ ದಡದ ಮೇಲೆ ಅಡ್ಡಾಡುವುದು. ಮಿನಿಕಾಯ್‌ನಲ್ಲಿ ನೀರು ಇಳಿದ ಹೊತ್ತಿಗೆ ಕ್ಯಾನ್ವಾಸ್ ಷೂ ಹಾಕಿಕೊಂಡು ಹವಳದ ಬಂಡೆಯ ಮೇಲೆ ನಡೆಯುವುದು. ನೀರಿಗೆ ಇಳಿಯುವ ಮಾತು ಎಲ್ಲೂ ಇರಲಿಲ್ಲ. ಅಪ್ಪನಿಗೆ ನೀರೆಂದರೆ ಭಯ. ಕಲ್ಯಾಣಿಯಲ್ಲೂ ಮೇಲಿನ ಮೆಟ್ಟಿಲ ಮೇಲೆ ನಿಂತು ಕಾಲಿಗೆ ನೀರು ಚಿಮುಕಿಸಿಕೊಳ್ಳುತ್ತಿದ್ದವರು ಅವರು.

ಒಂದು ಸಂಜೆ ಅಮ್ಮ ಕಲ್ಪೇನಿಯ ಗೆರೆಯೊಳಗೆ ಬೆರಳಿಟ್ಟಳು. 'ಇಲ್ಲಿ ನಾನು ನೀರಿಗೆ ಇಳೀತೀನಿ.'

ಅಪ್ಪ ನಕ್ಕರು. ನೀರಿಗಿಳಿಯಲು ಈಜು ಬರಬೇಕಲ್ಲ ಎಂದರು.

'ನಂಗೆ ಈಜು ಬರುತ್ತೆ ಕಣ್ರೀ.'

ಅಪ್ಪನ ನಗು ನಿಂತಿತು. ನಾನೂ ತಲೆ ಎತ್ತಿದೆ. ಬಚ್ಚಲ ಹಂಡೆಯ ನೀರು ಬಿಟ್ಟು ಬೇರೆ ನೀರಿನ ಹತ್ತಿರ ಅವಳನ್ನು ನಾನು ಕಂಡೇ ಇರಲಿಲ್ಲ. ಹೋಳೂರಿನ ತವರಿನಲ್ಲಿ ತೋಟದ ಬಾವಿಯಿತ್ತು, ಚಿಕ್ಕಂದಿನಿಂದ ಅದರಲ್ಲಿ ಈಜಿದ್ದೆ ಎಂದು ಅವಳು ರಂಗೋಲಿ ಪುಡಿಯನ್ನು ಬೆರಳಿನಿಂದ ಒರೆಸುತ್ತ ಹೇಳಿದಳು. ಅಪ್ಪ ಎದ್ದು ಸ್ಟೇಷನ್ ಕಡೆ ನಡೆದರು. ಆಗ ಅವರಿಗೆ ಡ್ಯೂಟಿ ಇರಲಿಲ್ಲ.

ಮುಂದಿನ ಭಾನುವಾರ ಅಮ್ಮ ಮಾಲೂರಿನಿಂದ ಹೋಳೂರಿಗೆ ಬಂದಳು. ನಾನು ಶ್ರೀನಿವಾಸಪುರದಿಂದ ಬಂದು ಅಲ್ಲೇ ಇಳಿದೆ. ಮಾವನಿಗೆ, ಅಂದರೆ ಅಮ್ಮನ ತಮ್ಮನಿಗೆ, ಮುಜುಗರವಾಯಿತು. ಆದರೂ ಪಂಪ್‌ಸೆಟ್ ಹತ್ತಿರ ಕೆಲಸಕ್ಕಿದ್ದ ಗಂಡಾಳುಗಳನ್ನು ಟೊಮ್ಯಾಟೊ ಹೊಲಕ್ಕೆ ಕಳಿಸಿ, ಅಕ್ಕನನ್ನು ತಡೆಯದೆ ತಾನೂ ಅತ್ತ ಹೋದ. ಹಿಪ್ಪುನೇರಳೆ ತೋಟದ ಮಗ್ಗುಲಲ್ಲಿ ಬಾವಿ. ಆ ಸಲ ಮಳೆ ಚೆನ್ನಾಗಿ ಬಿದ್ದು ಮುಕ್ಕಾಲು ಭಾಗ ತುಂಬಿತ್ತು. ಬಾಗಿದ ಜಾಲಿ ಕೊಂಬೆಯಿಂದ ಗೀಜಗನ ಗೂಡುಗಳು ನೀರಿನ ಮೇಲೆ ಜೋತಾಡುತ್ತಿದ್ದವು. ಅಮ್ಮ ಸೀರೆಗೆ ಕಚ್ಚೆ ಹಾಕಿ, ಕೊನೆಯ ಮೆಟ್ಟಿಲಲ್ಲಿ ಕಾಲು ಇಳಿಬಿಟ್ಟು ಬಹಳ ಹೊತ್ತು ಕೂತಿದ್ದಳು. ಅವಳ ಮನಸ್ಸು ಬದಲಾಯಿತೇನೋ ಎಂದುಕೊಳ್ಳುವಷ್ಟರಲ್ಲಿ ಸದ್ದಿಲ್ಲದೆ ಜಾರಿಹೋದಳು. ನೀರು ಮುಚ್ಚಿಕೊಂಡಿತು. ನಾನು ಮೆಟ್ಟಿಲಿಗೆ ಓಡಿ ಬಗ್ಗಿ ನೋಡಿದೆ. ಆಮೇಲೆ ಎದುರು ಗೋಡೆಯ ಬುಡದಲ್ಲಿ ಅವಳ ತಲೆ ಮೂಡಿತು. ಕೂದಲು ಮುಖಕ್ಕೆ ಅಂಟಿತ್ತು. 'ಮರ್ತಿಲ್ಲ' ಎಂದಳು, ಮೆಲ್ಲಗೆ, ತನಗೇ ಹೇಳಿಕೊಂಡಂತೆ.

ನನಗೂ ಅವಳೇ ಕಲಿಸಿದಳು. ಒಣಗಿದ ಕತ್ತಾಳೆ ದಿಂಡುಗಳನ್ನು ನನ್ನ ಸೊಂಟಕ್ಕೆ ಕಟ್ಟಿ, ಬೆನ್ನ ಕೆಳಗೆ ಅಂಗೈ ಇಟ್ಟು ತೇಲಿಸುತ್ತಿದ್ದಳು. ನಾನು ಹೆದರಿ ಬಡಿದಾಡಿದರೆ ನಗುತ್ತಿದ್ದಳು. 'ನೀರಿನ ಮೇಲೆ ಜಗಳಕ್ಕೆ ಹೋಗ್ಬೇಡ ಕಣೇ. ಮಲಕ್ಕೊಳ್ಳೋ ಹಂಗೆ ಮಲಕ್ಕೊ, ಅದೇ ಎತ್ಕೊಂಡಿರುತ್ತೆ.' ಭಾನುವಾರಗಳು ಹಾಗೇ ಕಳೆದವು. ಮೊದಲ ಸಲ ನೀರಿನೊಳಗೆ ಕಣ್ಣು ಬಿಟ್ಟ ದಿನ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಸುರು ಬೆಳಕು, ಆ ಬೆಳಕಿನಲ್ಲಿ ಯಾರದೋ ಕೈಗಳಂತೆ ಕಾಣುವ ನನ್ನವೇ ಕೈಗಳು, ತುಸು ದೂರದಲ್ಲಿ ಅಮ್ಮನ ಸೀರೆಯ ಸೆರಗು ಹೊಗೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಸದ್ದೇ ಇರಲಿಲ್ಲ. ಒದ್ದೆ ಕೂದಲಲ್ಲೇ ಶ್ರೀನಿವಾಸಪುರದ ಬಸ್ಸು ಹತ್ತಿ ಕಿಟಕಿಗೆ ಒರಗಿದರೆ ರಸ್ತೆಬದಿಯ ಮಾವಿನ ತೋಪುಗಳೂ ನೀರಿನಡಿಯಲ್ಲಿ ಇದ್ದಂತೆ ತೂಗುತ್ತಿದ್ದವು. ಸೋಮವಾರ ಮಕ್ಕಳು ಮಗ್ಗಿ ಹೇಳುವಾಗಲೂ ನನ್ನ ಕಿವಿಯಲ್ಲಿ ಆ ಮೌನವೇ ತುಂಬಿರುತ್ತಿತ್ತು.

ಒಂದು ಭಾನುವಾರ ಹೇಳದೆ ಕೇಳದೆ ಅಪ್ಪ ಬಂದರು. ಬಾವಿಯ ಅಂಚಿನಿಂದ ದೂರದಲ್ಲಿ ಒಂದು ಕಲ್ಲಿನ ಮೇಲೆ ಕೂತು ಅಮ್ಮ ಈ ಗೋಡೆಯಿಂದ ಆ ಗೋಡೆಗೆ ಹೋಗಿ ಬರುವುದನ್ನು ನೋಡಿದರು. ಸಂಜೆ ಬಸ್ಸಿಗೆ ಕಾಯುತ್ತ ಹುಣಿಸೆ ಮರದ ಕೆಳಗೆ ನಿಂತಿದ್ದಾಗ, ಈಜುವುದನ್ನು ಯಾವಾಗ ಬಿಟ್ಟೆ ಎಂದು ಕೇಳಿದರು. ನಿಮ್ಮ ಮನೆಯವರು ನೋಡಿಕೊಂಡು ಹೋದ ದಿನದಿಂದ ಎಂದಳು ಅಮ್ಮ. ಬಾವಿಗೆ ಬೀಳುವ ಹುಡುಗಿ ಅಂದರೆ ಗಂಡಿನ ಕಡೆಯವರು ಏನೆಂದುಕೊಂಡಾರೋ ಎಂದು ಅಜ್ಜಿ ನಿಲ್ಲಿಸಿಬಿಟ್ಟಳಂತೆ.

'ನಾವೇನೂ ಅಂದಿರಲಿಲ್ಲವಲ್ಲ' ಎಂದರು ಅಪ್ಪ.

'ಕೇಳೂ ಇರಲಿಲ್ಲ.'

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಮರುವಾರ ನಾನು ಮನೆಗೆ ಬಂದಾಗ ಕಲ್ಪೇನಿಯ ಯೋಜನೆ ಬದಲಾಗಿತ್ತು. ಇಡೀ ಹಗಲು ಅಲ್ಲಿ ನೀರಿಗೇ ಮೀಸಲು. ಮುಖಕ್ಕೆ ಕಟ್ಟಿಕೊಳ್ಳುವ ಗಾಜು, ಉಸಿರಾಡುವ ಕೊಳವೆ ಅಲ್ಲಿಯೇ ಕೊಡುತ್ತಾರೆಂದು ಅಪ್ಪ ಗಾರ್ಡನ್ನು ಮತ್ತೆ ಹಿಡಿದು ವಿಚಾರಿಸಿಕೊಂಡು ಬಂದಿದ್ದರು. ತಾವು ದಡದಲ್ಲಿ ಟವೆಲ್ ಹಿಡಿದುಕೊಂಡು ಕೂರುವುದಾಗಿ ಹೇಳಿದರು.

ದಸರಾ ರಜದಲ್ಲಿ ಹಡಗು ಕೊಚ್ಚಿಯಿಂದ ಹೊರಟ ಸಂಜೆ ದಡ ತೆಳುವಾಗುತ್ತ ತೆಂಗಿನ ಸಾಲು ಒಂದು ಗೆರೆಯಾಗಿ, ಗೆರೆಯೂ ಅಳಿಸಿಹೋಯಿತು. ನಾವು ಮೂವರೂ ಕಟಕಟೆ ಹಿಡಿದು ನಿಂತಿದ್ದೆವು. ಆಮೇಲೆ ಹಡಗು ತೊಟ್ಟಿಲಿನಂತೆ ತೂಗತೊಡಗಿತು. ಬೆಳಗಾಗುವ ಹೊತ್ತಿಗೆ ಅಪ್ಪ ನಿಂಬೆಹಣ್ಣು ಮೂಸುತ್ತ ಹಾಸಿಗೆ ಹಿಡಿದಿದ್ದರು. ಕವರತ್ತಿ ಬಂದು ನಿಂತರೂ ಏಳಲಾಗಲಿಲ್ಲ. ಅಮ್ಮ ಅವರನ್ನು ಬಿಟ್ಟು ಕದಲಲಿಲ್ಲ. ನನ್ನೊಬ್ಬಳನ್ನೇ ದೋಣಿಗೆ ಹತ್ತಿಸಿದಳು. ಅಷ್ಟು ಸಂಜೆಗಳ ಕನಸನ್ನು ನಾನು ಒಬ್ಬಳೇ, ಗುರುತಿಲ್ಲದವರ ತಲೆಗಳ ನಡುವೆ ಇಣುಕಿ ನೋಡಬೇಕಾಯಿತು. ಗಾಜಿನಡಿ ನೀಲಿ ಮೀನುಗಳು ಹೋದವು, ಏನೇನೋ ಹೋದವು. ಮನಸ್ಸು ನಿಲ್ಲಲಿಲ್ಲ. ಹಿಂದಿರುಗಿದಾಗ ಅಪ್ಪ ಕಣ್ಣು ಮುಚ್ಚಿಕೊಂಡೇ, ಬಣ್ಣ ಇತ್ತೇನೇ ಎಂದು ಕೇಳಿದರು. ಇತ್ತು ಎಂದೆ. ನಾಳೆ ಕಲ್ಪೇನಿಯಲ್ಲಿ ಏನಾದರೂ ಸರಿ ಇಳಿಯುತ್ತೇನೆ ಎಂದರು.

ಇಳಿದರು. ಹಡಗಿನಿಂದ ಕುಣಿಯುವ ದೋಣಿಗೆ ಕಾಲಿಡುವಾಗ ಇಬ್ಬರು ನಾವಿಕರು ಅವರ ರಟ್ಟೆ ಹಿಡಿದಿದ್ದರು. ದೋಣಿ ಹವಳದ ಗೋಡೆ ದಾಟಿ ಒಳಗೆ ಬಂದದ್ದೇ ತಡ, ಯಾರೋ ಉಸಿರು ಬಿಗಿಹಿಡಿದಂತೆ ಸಮುದ್ರ ಸುಮ್ಮನಾಯಿತು. ನೀರಿನ ಬಣ್ಣಕ್ಕೆ ನನ್ನಲ್ಲಿ ಹೆಸರಿಲ್ಲ. ಹಸುರೆಂದರೆ ನೀಲಿಯಾಗುತ್ತಿತ್ತು. ದಡದಲ್ಲಿ ಗಾಜು, ಕೊಳವೆ ಕೊಡುತ್ತಿದ್ದ ದ್ವೀಪದ ಮನುಷ್ಯ ಮಲಯಾಳದಲ್ಲಿ ಹೇಳಿದ್ದಕ್ಕೆ ಅಮ್ಮ ತೆಲುಗಿನಲ್ಲಿ ಉತ್ತರ ಕೊಟ್ಟಳು. ಇಬ್ಬರಿಗೂ ಅರ್ಥವಾದಂತಿತ್ತು. ಹಡಗಿನ ಬೇರೆ ಹೆಂಗಸರು ಮರಳ ಮೇಲೆ ನಿಂತು ನೋಡುತ್ತಿರುವಾಗಲೇ ಅವಳು ಕಚ್ಚೆ ಬಿಗಿದು, ಸರವನ್ನು ರವಿಕೆಯೊಳಗೆ ಸೇರಿಸಿ ನೀರಿಗೆ ನಡೆದಳು. ಹಿಂದೆಯೇ ನಾನು.

ಮುಖ ಅದ್ದಿದೆ. ಹಿಪ್ಪುನೇರಳೆ ಕಡ್ಡಿಗಳ ಹಾಗೆ ಕವಲೊಡೆದ ಹವಳ, ಬಸ್ಸಿನ ದಾರಿಯ ಸುಗಟೂರಿನ ಹೊಲದ ಹೂಕೋಸಿನಂಥ ಹವಳ, ರೇಷ್ಮೆಹುಳ ಗೂಡು ಕಟ್ಟುವ ಚಂದ್ರಿಕೆಯಂತೆ ಸುತ್ತುಸುತ್ತಾಗಿ ಗೆರೆ ಮೂಡಿದ್ದು. ಬದನೆ ಹೂವಿನ ಬಣ್ಣ, ಜೇನಿನ ಬಣ್ಣ, ಎಳೆ ಮಾವಿನೆಲೆಯ ಬಣ್ಣ. ಅದರ ನಡುವೆ ಮೀನುಗಳು ತಮ್ಮ ಬೀದಿಗಳಲ್ಲಿ ತಿರುಗಾಡಿಕೊಂಡಿದ್ದವು. ಅಮ್ಮ ನನ್ನ ಮುಂದೆ ಕೈ ಚಾಚಿ ಅಲುಗದೆ ತೇಲುತ್ತಿದ್ದಳು. ಅವಳ ನೆರಳು ಕೆಳಗೆ ಹವಳದ ಮೇಲೆ ಮಲಗಿತ್ತು. ಅವಳು ನಿದ್ದೆ ಹೋಗಿದ್ದಾಳೆಂದೇ ನನಗನ್ನಿಸಿತು. ಅಷ್ಟು ನೆಮ್ಮದಿಯಾಗಿ ಅವಳು ಮನೆಯಲ್ಲಿ ಮಲಗಿದ್ದನ್ನು ನಾನು ಕಂಡಿಲ್ಲ.

ಅಪ್ಪ ಮೊಣಕಾಲುದ್ದದ ನೀರಿನಲ್ಲಿ ಟವೆಲ್ ಹಿಡಿದು, ಅವಳ ಕೊಳವೆಯ ತುದಿಯಿಂದ ಕಣ್ಣು ಕೀಳದೆ ನಿಂತಿದ್ದರು. ಅವಳು ಎದ್ದು, ನನ್ನೊಡನೆ ಅವರ ಕಡೆ ನಡೆದು ಬಂದಳು. ತನ್ನ ಮುಖದ ಗಾಜು, ಕೊಳವೆ ಬಿಚ್ಚಿ ಅವರಿಗೆ ಚಾಚಿದಳು.

'ಬನ್ರೀ. ಸೊಂಟದಷ್ಟೇ ನೀರು. ನಾನ್ ಹಿಡ್ಕೊಂಡಿರ್ತೀನಿ.'

ಅಪ್ಪ ಹಿಂದೆ ತಿರುಗಿ ದಡ ನೋಡಿದರು. ಟವೆಲನ್ನು ನನ್ನ ಕೈಗೆ ಕೊಟ್ಟರು. ಸೊಂಟದವರೆಗೆ ಇಳಿದು ಬಗ್ಗಿದಾಗ ಅಮ್ಮನ ಅಂಗೈ ಅವರ ಬೆನ್ನ ಮೇಲಿತ್ತು. ಥಟ್ಟನೆ ಎದ್ದು ಕೆಮ್ಮಿದರು. ಮತ್ತೆ ಬಗ್ಗಿದರು. ಎರಡನೆಯ ಸಲ ಏಳಲಿಲ್ಲ. ಪಂಚೆ ಸುತ್ತಲೂ ಉಬ್ಬಿಕೊಂಡು, ನರೆತ ಕೂದಲು ನೀರಿನ ಮೇಲೆ ಆಡುತ್ತ, ಕೊಳವೆಯಲ್ಲಿ ಬುಸುಬುಸು ಉಸಿರಾಡುತ್ತ ಹಾಗೇ ಇದ್ದರು. ಕೊನೆಗೆ ಎದ್ದಾಗ ಗಾಜಿನೊಳಗೆ ಅವರ ಕಣ್ಣು ತುಂಬಿತ್ತು. ಉಪ್ಪುನೀರು ಒಳಗೆ ಹೋಯಿತೆಂದರು. ಅಮ್ಮ ಹೌದೆಂದಳು.

ಮಿನಿಕಾಯ್‌ನಲ್ಲಿ ಬಂಡೆಯ ಮೇಲೆ ನಡೆಯುವ ಯೋಜನೆ ನಡೆಯಲಿಲ್ಲ. ನಾವು ಹೋದ ಹೊತ್ತಿಗೆ ನೀರು ಏರಿತ್ತು. ಯಾರಿಗೂ ಬೇಸರವಾಗಲಿಲ್ಲ. ಕ್ಯಾನ್ವಾಸ್ ಷೂಗಳನ್ನು ತಲೆದಿಂಬು ಮಾಡಿಕೊಂಡು ಅಪ್ಪ ತೆಂಗಿನ ನೆರಳಲ್ಲಿ ನಿದ್ದೆ ಹೋದರು. ಅಮ್ಮನೂ ನಾನೂ ಸಂಜೆಯವರೆಗೆ ಅಂಗಾತ ತೇಲುತ್ತ ಮೋಡ ನೋಡಿದೆವು.

ಊರಿಗೆ ಬರುವ ರೈಲಿನಲ್ಲಿ, ಜೋಲಾರಪೇಟೆ ದಾಟಿದ ಮೇಲೆ, ನಿನಗೆ ಈಜು ಕಲಿಸಿದ್ದು ಯಾರು ಎಂದು ಅಪ್ಪ ಕೇಳಿದರು. ಅಮ್ಮ ಹೇಳತೊಡಗಿದಳು. ಅವಳ ದೊಡ್ಡಮ್ಮ, ಆ ದೊಡ್ಡಮ್ಮನ ಗಟ್ಟಿ ಗಂಟಲು, ಬಾವಿಯ ಪೊಟರೆಯಲ್ಲಿದ್ದ ಪಾರಿವಾಳಗಳು, ಗೆಳತಿಯರು ತಳ ಮುಟ್ಟಿ ಹಿಡಿಮಣ್ಣು ತರುವ ಪಂದ್ಯ. ನಾನೂ ಕೇಳಿರದ ಕಥೆಗಳು. ಆಮೇಲೆ, ಆಮೇಲೆ ಎಂದು ಅಪ್ಪ ಕೇಳುತ್ತಲೇ ಇದ್ದರು. ಬಂಗಾರಪೇಟೆ ಹೋಯಿತು, ಟೇಕಲ್ ಹೋಯಿತು. ಮಾಲೂರಿನಲ್ಲಿ ಗಾಡಿ ನಿಂತದ್ದು ಅಪ್ಪನಿಗೆ ತಿಳಿಯಲಿಲ್ಲ. ಪ್ಲಾಟ್‌ಫಾರ್ಮಿನ ಪೋರ್ಟರು ಕಿಟಕಿ ಬಡಿದು, ಇಳಿಯಲ್ವಾ ಸಾರ್ ಎಂದು ಕೂಗಿದ. ನಾವು ಗಡಿಬಿಡಿಯಲ್ಲಿ ಇಳಿದೆವು. ಒಳಗೇ ಉಳಿದ ಒಂದು ಚೀಲವನ್ನು, ಚಲಿಸುವ ಗಾಡಿಯ ಬಾಗಿಲಿಂದ ಯಾರೋ ಪುಣ್ಯಾತ್ಮರು ಎಸೆದರು. ಅಪ್ಪ ಅದನ್ನು ಎತ್ತಿಕೊಂಡು ಹೆಗಲಿಗೆ ಹಾಕಿ, ಅಮ್ಮನ ಪಕ್ಕ ನಡೆಯುತ್ತ, ಪಾರಿವಾಳದ ವಿಷಯ ಎಲ್ಲಿಗೆ ನಿಂತಿತ್ತು ಎಂದು ಕೇಳಿದರು.